ಕಾಕು ಕಲ್ಲಿಗೆ ಹಲ್ಲು ಹಾಕಿದ್ದು

ಇಡೀ ಮನೆಗೆ ಗುಂಡಿ ಒತ್ತುವ ಒಂದೇ ಮೊಬೈಲು ಇರುತ್ತಿದ್ದ ದಿನಗಳವು. ಐದನೆಯ ತರಗತಿ ಮುಗಿಸಿದ ನಾನು ಬೇಸಿಗೆ ರಜೆಗೆ ಸಾವಳಗಿಯ ಕಾಕುವಿನ ಮನೆಗೆ ಹೋಗಿದ್ದೆ. ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ಶಾಂತವ್ವ. ಕಾಕಾ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಆಕೆಯೇ ನಡೆಸುತ್ತಿದ್ದಳು.

ನನಗಂತೂ ಗೆಳತಿಯರ ಕುಂಟೆಬಿಲ್ಲೆ ಆಟಕ್ಕಿಂತ ಗಿರಣಿಯೇ ಸೋಜಿಗ. ಮೇಲೆ ಸುರಿದ ಜೋಳ ಒಳಗೆಲ್ಲೋ ಮಾಯವಾಗಿ, ಬೆಚ್ಚಗಿನ ಹಿಟ್ಟಾಗಿ ಡಬ್ಬಿಗೆ ಇಳಿಯುತ್ತಿತ್ತು. ನಡುವೆ ಏನಾಗುತ್ತದೆ ಎಂದು ಬಗ್ಗಿ ನೋಡಲು ಹೋಗಿ ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆ.

ಒಂದು ದಿನ ಎದುರುಮನೆಯ ಗಂಗವ್ವ ಹರಿದ ರೊಟ್ಟಿಯೊಂದನ್ನು ಹಿಡಿದು ಬಂದಳು. "ಶಾಂತಾ, ಹಿಟ್ಟು ತರಿ ತರಿ ಬರಾಕತ್ತೈತಿ. ರೊಟ್ಟಿ ಬಡ್ಯಾಕ ಹ್ವಾದ್ರ ಹರೀತೈತಿ."

ಗಿರಣಿಯೊಳಗಿನ ಬೀಸುಕಲ್ಲಿಗೆ ಕೊರೆದ ಗೆರೆಗಳು, ಅಂದರೆ ಕಲ್ಲಿನ ಹಲ್ಲು, ಸವೆದಿದ್ದವು. ಉಳಿಯಿಂದ ಹೊಸ ಹಲ್ಲು ಹಾಕುವ ಮಿಸ್ತ್ರಿ ಇದ್ದದ್ದು ಜಮಖಂಡಿಯಲ್ಲಿ. ಕಾಕು ಫೋನು ಹಚ್ಚಿದಾಗ ಆತ, "ಮನ್ಯಾಗ ಗಂಡಸರು ಅದಾರೇನ್ರಿ? ಅವರ ಕಡೆ ಕೊಡ್ರಿ" ಎಂದ.

"ಗಿರಣಿ ನಂದರೀ. ನನಗ ಹೇಳ್ರಿ."

ಸೋಮವಾರ ಬರುತ್ತೇನೆ ಎಂದವನು ಎರಡು ಸೋಮವಾರ ಕಳೆದರೂ ಬರಲಿಲ್ಲ. ಗಿರಾಕಿಗಳ ಡಬ್ಬಿಗಳು ಒಂದೊಂದಾಗಿ ಬಸ್ ನಿಲ್ದಾಣದ ಹತ್ತಿರದ ಗಿರಣಿಗೆ ತಿರುಗಿದವು. ಕಾಕು ಬಾಗಿಲಲ್ಲಿ ಕುಳಿತು, ನಮ್ಮನ್ನು ದಾಟಿ ಹೋಗುವ ಡಬ್ಬಿಗಳನ್ನು ನೋಡುತ್ತಿದ್ದಳು.

ಮೂರನೆಯ ವಾರ ನನ್ನನ್ನು ಕರೆದುಕೊಂಡು ಜಮಖಂಡಿಯ ಬಸ್ಸು ಹತ್ತಿದಳು. ಮಿಸ್ತ್ರಿ ಅಲ್ಲಿಯ ಒಂದು ಗಿರಣಿಯಲ್ಲಿ ಕಲ್ಲಿಗೆ ಹಲ್ಲು ಹೊಡೆಯುತ್ತಿದ್ದ.

"ನಿಮಗ ಬರಾಕ ಆಗಲಿಲ್ಲಂದ್ರ ಹ್ಯಾಂಗ ಹೊಡೀತಾರ ಹೇಳ್ರಿ. ನಾನ ಹೊಡ್ಕೋತೇನಿ" ಎಂದಳು ಕಾಕು.

ಆತ ಆಕೆಯತ್ತ ತಿರುಗದೆ ಗಿರಣಿಯ ಮಾಲೀಕನಿಗೆ ಹೇಳಿದ: "ಇದು ಹೆಣ್ಣಮಕ್ಕಳ ಕೆಲಸೇನ್ರಿ?"

ನನ್ನ ಕಣ್ಣು ಮಾತ್ರ ಕಲ್ಲಿನ ಮೇಲಿತ್ತು. ಅದರ ಹೊಟ್ಟೆ ಕಂಡದ್ದು ಅದೇ ಮೊದಲು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು ಕೇಳಿದೆ: "ಮಾಮಾ, ಗೆರಿ ನಡುವ ಆಳ ಅದಾವು, ಅಂಚಿಗೆ ಯಾಕ ಸಣ್ಣ ಅದಾವು?"

ಆತ ನಕ್ಕ. "ಶಾಣ್ಯಾಕಿ ಅದೀ. ನಡುವ ಕಾಳು ಒಡೀಬೇಕು, ಅಂಚಿಗೆ ಬರೂದ್ರಾಗ ನುಣ್ಣಗ ಆಗಬೇಕು." ಉಳಿಯನ್ನು ಎಷ್ಟು ವಾರೆ ಹಿಡಿಯಬೇಕು, ಪೆಟ್ಟು ಎಷ್ಟು ಹಗುರ ಇರಬೇಕು, ನಾನು ಕೇಳಿದ್ದಕ್ಕೆಲ್ಲ ಹೊಡೆದು ತೋರಿಸಿದ. ಕಾಕು ದೂರದ ಹೊಸ್ತಿಲಲ್ಲೇ ನಿಂತು ನೋಡಿದಳು.

ಮರುದಿನ ಕರೆಂಟು ತೆಗೆದು, ಗಂಗವ್ವನ ಜೊತೆ ಸೇರಿ ಮೇಲಿನ ಕಲ್ಲು ಇಳಿಸಿದಳು. ಮೂರು ದಿನ ಹೊಡೆದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡಳು. ಕೈ ನಿಂತಾಗ, "ಆಂವ ಉಳಿ ಹೀಂಗ ಹಿಡದಿದ್ನಾ?" ಎಂದು ನನ್ನನ್ನು ಕೇಳುತ್ತಿದ್ದಳು. ದೊಡ್ಡವರೊಬ್ಬರು ನನ್ನನ್ನು ಕೇಳಿ ಕೆಲಸ ಮಾಡಿದ್ದು ಅದೇ ಮೊದಲು.

ಮೊದಲ ಹಿಟ್ಟಿನ ರೊಟ್ಟಿಯನ್ನು ತಾನೇ ತಿಂದಳು. ಹಲ್ಲಿಗೆ ಕರ್ ಎಂದು ಕಲ್ಲಿನ ಪುಡಿ ಸಿಕ್ಕಿತು. ಆಕೆಯ ಮುಖ ಇಳಿದುಹೋಯಿತು. "ಆಂವ ಮತ್ತೇನಾರ ಹೇಳಿದ್ನೇನ ಬೇ?"

ಆಗ ನೆನಪಾಗಿ ನನಗೆ ಅಳು ಬಂತು. "ಮೊದಲ ಒಂದೀಟು ಕೆಟ್ಟ ಕಾಳು ಹಾಕಿ ಬೀಸಿ ಚೆಲ್ಲಬೇಕಂತ. ಹೇಳೂದ ಮರತೆ, ಕಾಕು."

ಆಕೆ ಬೈಯಲಿಲ್ಲ. ಎದ್ದು ಹುಳು ಹತ್ತಿದ ಜೋಳ ತಂದು ಬೀಸಿ ಚೆಲ್ಲಿದಳು. ಸಂಜೆಯ ಹೊತ್ತಿಗೆ ಬಂದ ಹಿಟ್ಟನ್ನು ಗಂಗವ್ವ ಬೆರಳಲ್ಲಿ ತಿಕ್ಕಿ, "ಈಗ ಛಲೋ ಆತು ನೋಡು" ಎಂದಳು. ವಾರದಲ್ಲಿ ಡಬ್ಬಿಗಳು ಮರಳಿ ಬಂದವು.

ರಜೆ ಮುಗಿಯುವ ಮುಂಚೆ ಮಿಸ್ತ್ರಿಯೂ ಬಂದ. ಮೇಲಿನ ಕಲ್ಲು ಇಳಿಸಿ, ಹಲ್ಲಿನ ಮೇಲೆ ಅಂಗೈ ಆಡಿಸಿ, "ಯಾರು ಹೊಡದಾರ್ರಿ?" ಎಂದ.

"ನಾನರೀ."

ಈ ಸಲ ಆತ ಕಾಕುವಿನ ಮುಖ ನೋಡಿಯೇ ಹೇಳಿದ: "ಅಂಚಿಗೆ ಇನ್ನಷ್ಟು ಹಗರ ಹೊಡೀರಿ ಅಕ್ಕಾರ."

ಈಗ ಆ ಗಿರಣಿ ನಿಂತುಹೋಗಿದೆ. ಕಾಕುವಿಗೆ ಮೊಣಕಾಲು ನೋವು, ಊರಲ್ಲಿ ಮನೆಮನೆಗೂ ಸಣ್ಣ ಯಂತ್ರ. ಮುಧೋಳದಲ್ಲಿ ಮಾಸ್ತರಿಕೆ ಮಾಡುವ ನಾನು ಅಂಗಡಿಯ ಪೊಟ್ಟಣದ ಹಿಟ್ಟು ತರುತ್ತೇನೆ. ನುಣ್ಣಗಿರುತ್ತದೆ, ತಕರಾರಿಲ್ಲ. ಇದನ್ನು ಯಾರು ಬೀಸಿದರು, ಅವರ ಕಲ್ಲು ಸವೆದಾಗ ಯಾರನ್ನು ಕೇಳಿದರು ಎಂದು ತಿಳಿಯುವ ಆಸೆಯಾಗುತ್ತದೆ. ಪೊಟ್ಟಣವನ್ನು ತಿರುಗಿಸಿ ನೋಡುತ್ತೇನೆ. ತೂಕ, ಬೆಲೆ, ತಾರೀಖು ಅಷ್ಟೆಲ್ಲ ಬರೆದಿರುತ್ತಾರೆ, ಅದೊಂದನ್ನು ಬರೆದಿರುವುದಿಲ್ಲ.