ರಾಜನ ಅಂಗಿ ಒಗೆದ ಪುಟ್ಟಮಾದಮ್ಮ

ವೈದ್ಯನಾಥಪುರದ ಪುಟ್ಟಮಾದಮ್ಮನ ಕಣ್ಣಿಗೆ ಕೊಳೆ ಬಿದ್ದರೆ ಮುಗಿಯಿತು, ಅದು ಯಾರದು, ಎಲ್ಲಿಯದು ಎಂದು ಕೇಳುವ ಅಭ್ಯಾಸ ಆಕೆಗಿರಲಿಲ್ಲ. ಸೌದೆಯನ್ನೂ ತೊಳೆದು ಒಲೆಗಿಡುತ್ತಾಳೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಎಮ್ಮೆಯ ಕೊಂಬಿಗೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದದ್ದು ಮಾತ್ರ ನಿಜ. ನೆಂಟರು ಬಂದು ಕೂರುವಷ್ಟರಲ್ಲಿ ಅವರ ಹೆಗಲ ಮೇಲಿನ ಟವೆಲ್ಲು ಒಗೆಯುವ ಕಲ್ಲಿನ ಮೇಲಿರುತ್ತಿತ್ತು. ಹಾಗಾಗಿ ಆ ಮನೆಗೆ ಬರುವವರು ಹಳೇ ಟವೆಲ್ಲನ್ನೇ ಹಾಕಿಕೊಂಡು ಬರುತ್ತಿದ್ದರು.

ಆಕೆಯ ಗಂಡ ಮರಿಸಿದ್ದಯ್ಯನಿಗೆ ಇದ್ದದ್ದು ನಾಟಕದ ಹುಚ್ಚು. ಊರವರು ವರ್ಷಕ್ಕೊಮ್ಮೆ ಆಡುವ ಪೌರಾಣಿಕ ನಾಟಕದಲ್ಲಿ ಮೀಸೆ ಮೂಡಿದಾಗಿನಿಂದ ಆತ ಬಾಗಿಲು ಕಾಯುವವನ ಪಾತ್ರ ಮಾಡಿದ್ದ. "ಅಪ್ಪಣೆ ಮಹಾಪ್ರಭು" ಎನ್ನುವುದು, ಆಮೇಲೆ ಬೆಳಗಾಗುವವರೆಗೆ ಭರ್ಜಿ ಹಿಡಿದು ನಿಲ್ಲುವುದು. ಕೊನೆಗೆ ಮೀಸೆ ನರೆಯಲು ಶುರುವಾದ ಮೇಲೆ, ಊರಿಗೆ ಕರೆಂಟು ಬಂದ ಮರುವರ್ಷ, ಹಾರ್ಮೋನಿಯಂ ಮೇಷ್ಟ್ರು ಚಲುವರಾಜು ಆತನ ಕಂಠಕ್ಕೆ ಮನಸೋತು ರಾಜನ ಪಾರ್ಟು ಕೊಟ್ಟರು. ಅಲ್ಲಿಯವರೆಗೆ ರಾಜನಾಗುತ್ತಿದ್ದ ಚೌಡಯ್ಯನಿಗೆ ಹೊಟ್ಟೆ ಉರಿದುಹೋಯಿತು. ಅವನ ಹತ್ತಿರ ಸ್ವಂತ ಉಡುಪೂ ಇತ್ತು. "ಇವ್ನೇನಾರ ತಡವರಿಸುದ್ರೆ ನಾನಿವ್ನಿ ಕಣ್ರಪ್ಪಾ" ಎನ್ನುತ್ತ ದಿನವೂ ಅಭ್ಯಾಸದ ಜಾಗಕ್ಕೆ ಬಂದು ಕೂರುತ್ತಿದ್ದ.

ನಾಟಕದ ಹಿಂದಿನ ದಿನ ಮಂಡ್ಯದಿಂದ ಬಾಡಿಗೆ ಉಡುಪಿನ ಪೆಟ್ಟಿಗೆ ಬಸ್ಸಿನ ಮೇಲೆ ಬಂತು. ಕೆಂಪು ಮಖಮಲ್ಲಿನ ನಿಲುವಂಗಿ, ಎದೆ ತುಂಬ ಜರಿ. ಮರಿಸಿದ್ದಯ್ಯ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಮನೆಗೆ ತಂದ. ಹಿಂದೆಯೇ ಬಂದ ಮೇಷ್ಟ್ರು, "ಇದಕ್ಕೆ ನೀರು ಸೋಕಿಸಬಾರದು. ಡ್ರೈ ಕ್ಲೀನೇ ಆಗಬೇಕು, ಅದಕ್ಕೆ ಮೈಸೂರಿಗೇ ಹೋಗಬೇಕು. ಉಡುಪು ಕೆಟ್ಟರೆ ಪಾರ್ಟು ಚೌಡಯ್ಯನಿಗೆ, ಈಗಲೇ ಹೇಳಿದೀನಿ" ಎಂದು ಎಚ್ಚರಿಸಿ ಹೋದರು.

ಪುಟ್ಟಮಾದಮ್ಮ ಬಗ್ಗಿ ಮೂಸಿದಳು. ಅದುವರೆಗೆ ಆ ಅಂಗಿ ತೊಟ್ಟಿದ್ದ ರಾಜರೆಲ್ಲರ ಬೆವರೂ ಬೀಡಿಯೂ ಅದರಲ್ಲೇ ಇದ್ದವು.

"ಇದ್ಯಾವ ಸತ್ತ ಎಗ್ಗಣದ ನಾತ ಕಣಯ್ಯ?"

"ರಾಜ್ರ ಬಟ್ಟೆ ಕಣಮ್ಮಿ. ಅಂಗೇ ಇರಾದು."

"ಯಾಕೆ, ರಾಜ್ರು ಮೈ ತೊಳ್ಕತಿರ್ಲಿಲ್ವಾ?"

"ಮುಟ್ಟಬ್ಯಾಡ ಕಣಮ್ಮಿ! ನೀರು ಬಿದ್ರೆ ನನ್ ಪಾರ್ಟು ಓಯ್ತದೆ."

"ಆಯ್ತು ಬುಡು" ಎಂದಳು. ಎಂದದ್ದು ಮನಸಾರೆಯೇ. ಆದರೆ ಬೆಳಗ್ಗೆ ಗಂಡ ಚಪ್ಪರ ಹಾಕಲು ಹೋದ ಮೇಲೆ ಆಕೆಗೆ ತಡೆಯಲಾಗಲಿಲ್ಲ. ಇಷ್ಟು ಕಾಲ ಬಾಗಿಲಲ್ಲಿ ನಿಂತವನು ಇವತ್ತು ಸಿಂಹಾಸನದಲ್ಲಿ ಕೂರುತ್ತಾನೆ, ಅಂಥ ದಿನವೂ ಯಾರದೋ ಬೆವರು ಮೆತ್ತಿಕೊಂಡು ಕೂರಬೇಕೇ? ಗಂಡನ ಮೇಲಿನ ಅಕ್ಕರೆಗೇ ಆಕೆ ಅಂಗಿ ಕಂಕುಳಲ್ಲಿಟ್ಟುಕೊಂಡು ಕಾಲುವೆಗೆ ನಡೆದದ್ದು. ಇದನ್ನು ಊರವರು ಕಥೆ ಹೇಳುವಾಗ ಬಿಟ್ಟುಬಿಡುತ್ತಾರೆ.

ಬರೀ ಕಂಕುಳ ಭಾಗ ಎಂದೇ ಶುರು ಮಾಡಿದಳು. ಅಂಟುವಾಳದ ನೊರೆಯಲ್ಲಿ ಕಂಕುಳು ಚೊಕ್ಕಟವಾದ ಮೇಲೆ ಬೆನ್ನು ಕೊಳಕಾಗಿ ಕಂಡಿತು. ಬೆನ್ನು ಮುಗಿಸಿದರೆ ತೋಳು. ತೋಳು ಮುಗಿಯುವಷ್ಟರಲ್ಲಿ ಮಖಮಲ್ಲು ನೀರು ಕುಡಿದು ಎಮ್ಮೆಕರುವಿನ ಭಾರವಾಗಿತ್ತು, ಕಾಲುವೆ ಕೆಂಪಗೆ ಹರಿಯುತ್ತಿತ್ತು. ಕೆಳಗಡೆ ಪಾತ್ರೆ ಬೆಳಗುತ್ತಿದ್ದ ಹೊಂಬಾಳಮ್ಮ ಅದನ್ನು ನೋಡಿ, "ಅಯ್ಯಯ್ಯೋ, ಯಾರ್ನೋ ಕಡ್ದಾಕವ್ರೆ ಕಣ್ರಪ್ಪೋ!" ಎಂದು ಬಾಯಿ ಬಡಿದುಕೊಂಡಳು. ಕಬ್ಬಿನ ಗದ್ದೆಯವರು ಮಚ್ಚು ಹಿಡಿದೇ ಓಡಿಬಂದರು. ಚಪ್ಪರದಿಂದ ಮೇಷ್ಟ್ರೂ ಮರಿಸಿದ್ದಯ್ಯನೂ ಓಡಿಬಂದರು. ನೋಡಿದರೆ ಪುಟ್ಟಮಾದಮ್ಮ ರಾಜನನ್ನು ಹಿಂಡುತ್ತಿದ್ದಾಳೆ.

ಮರಿಸಿದ್ದಯ್ಯ ಏರಿಯ ಮೇಲೆ ಕುಸಿದು ಕೂತ. ಅಷ್ಟು ವರ್ಷ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. "ಏನ್ ಮಾಡ್ಬುಟ್ಟೆ ಅಮ್ಮಿ" ಎಂದನೇ ಹೊರತು ಬಯ್ಯಲಿಲ್ಲ. ಬಯ್ದಿದ್ದರೆ ಆಕೆ ತಿರುಗಿ ಬಯ್ಯಬಹುದಿತ್ತು. ಬಯ್ಯದ ಗಂಡನ ಮುಂದೆ ಆಕೆಗೆ ಅಳು ಬಂತು.

"ಸಂಜೆಯೊಳಗೆ ಒಣಗಿದರೆ ಸರಿ, ಇಲ್ಲದಿದ್ದರೆ ಚೌಡಯ್ಯ" ಎಂದರು ಮೇಷ್ಟ್ರು.

ಆವತ್ತೇ ಮೋಡ. ಪುಟ್ಟಮಾದಮ್ಮ ಅಂಗಿ ಹೊತ್ತು ಆಲೆಮನೆಗೆ ಓಡಿದಳು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಪಕ್ಕದಲ್ಲೇ ಗಳ ಕಟ್ಟಿ, ಅಂಗಿ ಇಳಿಬಿಟ್ಟು, ಸಂಜೆವರೆಗೂ ತಿರುಗಿಸುತ್ತ ನಿಂತಳು. ಅಂಗಿ ಒಣಗಿತು. ತೋಳು ಮೊಣಕೈಗೆ ಏರಿತ್ತು, ಅಂಚು ಮಂಡಿಗೆ ಬಂದಿತ್ತು, ಕೊಪ್ಪರಿಗೆಯಿಂದ ಸಿಡಿದ ಪಾಕ ಮೈಯೆಲ್ಲ ಕೂತಿತ್ತು. ಮರಿಸಿದ್ದಯ್ಯ ಮೂಸಿ ನೋಡಿ ಆವತ್ತು ಮೊದಲ ಸಲ ನಕ್ಕ. "ಗಮ್ಮಂತದೆ ಕಣಮ್ಮಿ."

ಆಟ ಶುರುವಾಯಿತು. ದೀಪದ ಝಳಕ್ಕೆ ರಾಜ ಬೆವತ, ಬೆವರಿಗೆ ಬೆಲ್ಲ ಕರಗಿತು, ಚಪ್ಪರದ ಬೊಂಬಿನಲ್ಲಿದ್ದ ಕಟ್ಟಿರುವೆಗಳಿಗೆ ಸುದ್ದಿ ಹೋಯಿತು. ದೂತನ ಮಾತನ್ನು ಗಂಭೀರವಾಗಿ ಕೂತು ಕೇಳಬೇಕಾದ ಮಹಾಪ್ರಭು ಹಠಾತ್ತನೆ ಎದ್ದ, ಗರ್ಜಿಸಿದ, ತೊಡೆ ತಟ್ಟಿದ, ಬೆನ್ನು ಬಡಿದುಕೊಂಡ, ಸಿಂಹಾಸನವನ್ನು ಸುತ್ತಿ ಸುತ್ತಿ ಹಾರಿದ. ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ತಾನಾಗಿ ಓಡತೊಡಗಿತು. ಜನ ಶಿಳ್ಳೆ ಹೊಡೆದು "ಒನ್ಸ್ ಮೋರ್" ಕೂಗಿದರು. ಇರುವೆಗಳಿಗೂ ಅಭ್ಯಂತರವಿರಲಿಲ್ಲ, ರಾಜ ಇನ್ನೊಮ್ಮೆ ಕುಣಿದ. ತನ್ನ ಉಡುಪನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ ಚೌಡಯ್ಯ, "ಕ್ವಾಪ ಅಂದ್ರೆ ಇದು ಕಣ್ಲಾ!" ಎಂದು ತನಗೇ ಗೊತ್ತಿಲ್ಲದೆ ಎದ್ದು ನಿಂತ.

ಉಡುಪಿನ ಅಂಗಡಿಯವನ ಬಾಯಿ ಮುಚ್ಚಿಸಲು ಒಂದು ಮೂಟೆ ಬೆಲ್ಲ ಹೋಯಿತು, ಅದು ಬೇರೆ ಮಾತು.

ಮರುದಿನ ಪುಟ್ಟಮಾದಮ್ಮ ಹಂಡೆಗೆ ಉರಿ ಹಾಕಿ ಗಂಡನನ್ನು ಬಚ್ಚಲಲ್ಲಿ ಕೂರಿಸಿದಳು. ಕತ್ತಿನಿಂದ ಸೊಂಟದವರೆಗೆ ಮಖಮಲ್ಲಿನ ಬಣ್ಣ ಇಳಿದು ಆತನ ಮೈ ಕೆಂಪಗಾಗಿತ್ತು. ಬೀದಿಯಲ್ಲಿ ಹೋಗುವವರು "ಏನ್ ಮಾಪ್ರಭು, ಸ್ಯಾನವಾ?" ಎಂದು ಕೂಗಿಕೊಂಡು ಹೋಗುತ್ತಿದ್ದರು. ಆಕೆ ಮೈಯುಜ್ಜುವ ಕಲ್ಲು ಹಿಡಿದು ಕಾಲು ಉಜ್ಜಿದಳು, ಕೈ ಉಜ್ಜಿದಳು. ಎದೆಯ ಹತ್ತಿರ ಕಲ್ಲು ತಂದಾಗ ಆತ ತಲೆ ಬಗ್ಗಿಸಿ ತನ್ನ ಕೆಂಪು ಎದೆಯನ್ನು ನೋಡಿಕೊಂಡ.

"ಇದು ಓಯ್ತದಾ?"

"ನಾನುಜ್ಜುದ್ರೆ ಓಗ್ದೇ ಇರೋ ಕೊಳೆ ಯಾವ್ದಯ್ಯ?"

"ಅಂಗಾದ್ರೆ ಓಯ್ತದೆ ಅನ್ನು" ಎಂದು ಆತ ಆ ಕೆಂಪಿನ ಮೇಲೆ ಅಂಗೈ ಇಟ್ಟುಕೊಂಡ.

ಪುಟ್ಟಮಾದಮ್ಮ ಆತನ ಮುಖ ನೋಡಿದಳು. ಆಮೇಲೆ ಕಲ್ಲನ್ನು ಮೂಲೆಗಿಟ್ಟಳು.

"ಇದು ಕೊಳೆ ಅಲ್ಲ ಬುಡು" ಎಂದು ಬರೀ ನೀರು ಹುಯ್ದಳು, ಅದನ್ನೂ ಎದೆಗೆ ತಾಕದ ಹಾಗೆ.