ಬಲಗಡೆಯ ನಟ್ಟು ಸಡಿಲಿಸಿದವರು ಯಾರು?

ನಮ್ಮ ವಾಟ್ಸಾಪ್ ಗುಂಪಿನ ಗೆಳೆಯರೇ, ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ನಟ್ಟು ಬಿಗಿಯುವ ಪಾನಾ ಹಿಡಿಯುವ ಕೈಯಿಂದ ಒಬ್ಬ ಸಾಹೇಬರು ಹೀಗೆ ಬರೆಸುತ್ತಾರಲ್ಲ, ಮೊದಲ ಸಿಟ್ಟು ಅದಕ್ಕೇ.

ಘಾಟ್ಕೋಪರ್‌ನ ಸಾಹೇಬರೊಬ್ಬರ ಕಾರಿಗೆ ಮೊನ್ನೆ ಕುರ್ಲಾದ ನನ್ನ ಗ್ಯಾರೇಜಿನಲ್ಲಿ ದಪ್ಪನೆಯ ಸ್ವೇ ಬಾರ್ ಕೂರಿಸಿದ್ದೆ. ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸಲಾಕೆ ಅದು. ಎರಡೂ ತುದಿಗೆ ಮೂರು ಮೂರು ತೂತು; ಒಳಗಿನದಕ್ಕೆ ಬಿಗಿದರೆ ಹಿಡಿತ ಗಟ್ಟಿ, ಹೊರಗಿನದಕ್ಕೆ ಬಿಗಿದರೆ ಮೆದು. ನಮ್ಮ ಹೊಂಡದ ರಸ್ತೆಗೆ ನಡುವಿನದೇ ಸರಿ ಎಂದು ಎರಡೂ ಕಡೆ ಅಲ್ಲಿಯೇ ಬಿಗಿದಿದ್ದೆ.

ಇಂದು ಬೆಳಿಗ್ಗೆ ನೋಡಿದರೆ ಸಾಹೇಬರು ಇದೇ ಗುಂಪಿನಲ್ಲಿ, ‘ಗ್ಯಾರೇಜಿನ ಅಂಕಲ್ ಕೆಲಸ ಕಚ್ಚಾ, ತಿರುವಿನಲ್ಲಿ ಟಕ್ ಟಕ್ ಅನ್ನುತ್ತದೆ’ ಎಂದು ಬರೆದಿದ್ದಾರೆ. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ನನ್ನದು. ಕಾರು ತರಿಸಿ ಕೆಳಗೆ ನುಗ್ಗಿದೆ. ಎಡಗಡೆ ನಾನು ಬಿಗಿದಂತೆಯೇ ಇದೆ. ಬಲಗಡೆ ಮಾತ್ರ ಒಳಗಿನ ತೂತಿಗೆ ಹೋಗಿದೆ, ನಟ್ಟು ಬೆರಳಲ್ಲೇ ತಿರುಗುತ್ತಿದೆ.

“ಇದಕ್ಕ ಕೈ ಹಚ್ಚಿದವ್ರು ಯಾರ್ರೀ?”

“ಯಾರೂ ಇಲ್ಲ ಅಂಕಲ್, ನೀವೇ ಫಿಟ್ ಮಾಡಿದ್ದು.”

ಹಿಂದಿನ ಸೀಟಿನಲ್ಲಿದ್ದ ಅವರ ತಾಯಿ ಕಿಟಕಿಯಿಂದ ತಲೆ ಹೊರಹಾಕಿದರು. “ನಿನ್ನೆ ಸಂಜೆಯೆಲ್ಲ ವಿಡಿಯೋ ನೋಡ್ಕೊಂಡು ಕಾರಿನ ಅಡೀಲೇ ಮಲಗಿದ್ಯಲ್ಲೋ. ದೋಸೆ ಆರೋಗುತ್ತೆ ಅಂದ್ರೂ ಏಳ್ಲಿಲ್ಲ.”

ಸಾಹೇಬರು ಮೆಲ್ಲಗೆ ಅಂದರು, “ಎಡಗಡೆ ಬೋಲ್ಟ್ ಬಿಚ್ಚೋಕ್ಕೇ ಆಗ್ಲಿಲ್ಲ ಅಂಕಲ್.”

“ಹೆಂಗ ಬಿಚ್ತದ? ಅದನ್ನ ಬಿಗಿದಾಂವ ನಾನು.”

ಬಲಗಡೆಯದನ್ನೂ ನಡುವಿಗೆ ತಂದು ಬಿಗಿದೆ. ಮೂವರೂ ಒಂದು ಸುತ್ತು ಹೋಗಿ ಬಂದೆವು. ಒಂದು ತಿರುವಿನಲ್ಲೂ ಕಾರು ಟಕ್ ಅನ್ನಲಿಲ್ಲ.

ಸಾಹೇಬರೇ, ಆ ನಟ್ಟು ಸಡಿಲಿಸಿದವರು ಯಾರೆಂದು ಇದೇ ಗುಂಪಿನಲ್ಲಿ ಬರೆಯಿರಿ. ಸಾಕ್ಷಿಗೆ ನಿಮ್ಮ ತಾಯಿ ಒಪ್ಪಿದ್ದಾರೆ. ಭಾನುವಾರ ಸಂಜೆಯೊಳಗೆ ಉತ್ತರ ಬೇಕು.