ತಡೆ ದಾಟಿದ ಲಾರಿಗಳು

ಯಾರಾದರೂ ಮಾಟ ಮಾಡಿಸಿ ತಡೆ ಕಟ್ಟಿದರೆ ಹಿಡಿದ ಕೆಲಸ ಮುಂದೆ ಸಾಗುವುದಿಲ್ಲ, ಅದನ್ನು ಒಡೆಯಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ನಂಬುತ್ತಿರಲಿಲ್ಲ. ಈಗಲೂ ನಂಬುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಗುವವರು ಧಾರಾಳವಾಗಿ ನಗಲಿ.

ಶಾಂತಿಪಾಲನಾ ಪಡೆಯ ಲಾರಿಗಳ ಸಾಲು ಪರದೇಶದ ಹಾದಿಯಲ್ಲಿ ಹೇಗೆ ಸಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸಾಫ್ಟ್‌ವೇರನ್ನು ಮನೆಯಿಂದಲೇ ಬರೆಯುವುದು ಆಗ ನನ್ನ ಕೆಲಸ. ಪರೀಕ್ಷೆಗೆಂದು ನಮ್ಮ ಯಳಂದೂರು, ಕೊಳ್ಳೇಗಾಲ, ಹನೂರಿನ ರಸ್ತೆಯನ್ನೇ ಹಾಕಿಕೊಂಡಿದ್ದೆ. ಹನೂರಿಗೆ ಮುಂಚೆ ತಪಾಸಣೆಗೆ ಒಂದು ಅಡ್ಡಗೇಟು. ಪ್ರೋಗ್ರಾಮಿನಲ್ಲಿ ಅದಕ್ಕೆ ನಾನಿಟ್ಟ ಹೆಸರು 'ತಡೆ'. ಗೇಟು ತೆರೆದರೂ ಲಾರಿಗಳು ಅಲ್ಲೇ ನಿಂತುಬಿಡುತ್ತಿದ್ದವು. ಎಷ್ಟು ಜಾಲಾಡಿದರೂ ತಪ್ಪು ಸಿಗಲಿಲ್ಲ. ಕೊನೆಗೊಂದು ದಿನ, ಸಂಜೆಯೊಳಗೆ ಓಡದಿದ್ದರೆ ಕೆಲಸ ಬೇರೆಯವರಿಗೆ ಎಂದು ಮ್ಯಾನೇಜರ್ ಹೇಳಿಬಿಟ್ಟರು.

ಫೋನಿನಲ್ಲಿ ಕಚೇರಿಯವರೊಡನೆ ನನ್ನ ಕೂಗಾಟ ಕೇಳಿ ಅವ್ವ ಅಡುಗೆಮನೆಯಿಂದ ಬಂದಳು.

"ಅದೇನ್ಲಾ ತಡೆ, ತಡೆ ಅಂತ ಬಡ್ಕತಿದ್ದೀಯೆ? ಯಾರು ಕಟ್ಟುದ್ದು?"

"ನಾನೇ ಕಣವ್ವ."

"ಕಟ್ಟುದೋನೇ ಒಡೀಬೇಕು. ಏಳ್ಲಾ ಮ್ಯಾಕೆ."

ಹೊಸ್ತಿಲಾಚೆ ಬೂದಿಯಿಂದ ಅಡ್ಡಗೆರೆ ಎಳೆದು, ನಿಂಬೆಹಣ್ಣಿಟ್ಟು, ಎಡಗಾಲಲ್ಲಿ ತುಳಿದು ದಾಟು ಎಂದಳು. ಅವಳ ಬಾಯಿ ಮುಚ್ಚಿಸಲೆಂದೇ ತುಳಿದೆ. ಕಾಲು ತೊಳೆದು ಒಳಗೆ ಬಂದು ಮತ್ತೆ ಓಡಿಸಿದರೆ, ಲಾರಿಗಳು ತಡೆ ದಾಟಿ ಹನೂರು ಸೇರಿದವು. ನಾನು ಒಂದಕ್ಷರ ಬದಲಿಸಿರಲಿಲ್ಲ. ಕಚೇರಿಗೆ ಫೋನ್ ಮಾಡಿ, ಅಲ್ಲಿನ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಯನ್ನೂ ಓಡಿಸಲು ಹೇಳಿದೆ. ಬೆಳಿಗ್ಗೆ ನಿಂತಿದ್ದ ಅದೂ ಓಡಿತು. ನನಗೆ ನಿಜಕ್ಕೂ ಭಯವಾಯಿತು.

ಮ್ಯಾನೇಜರ್‌ಗೆ ಖುಷಿಯೋ ಖುಷಿ. "ತಪ್ಪು ಸರಿಪಡಿಸಿದೆ ಅಂತ ಬರೆದು ಕಳಿಸಿಬಿಡಿ" ಎಂದರು. ಬರೆಯುವುದಿಲ್ಲ ಎಂದೆ. ಸರಿಪಡಿಸಿದವನು ನಾನಲ್ಲ. ಇದನ್ನು ನಂಬಿ ನಾಳೆ ಯಾವನೋ ಡ್ರೈವರ್ ನಿಜವಾದ ಲಾರಿ ಹತ್ತುತ್ತಾನೆ, ಅವನಿಗೆ ಸುಳ್ಳು ಹೇಳಲೇ? ಯಾಕೆ ನಿಂತವೋ, ಯಾಕೆ ಓಡಿದವೋ ಗೊತ್ತಿಲ್ಲ, ಗೊತ್ತಾಗುವವರೆಗೆ ಬಳಸಬೇಡಿ ಎಂದೇ ಬರೆದು ಕಳಿಸಿದೆ. ಕೆಲಸ ಕೈತಪ್ಪಿತು.

ಅವ್ವನಿಗೂ ಸಿಟ್ಟು ಬಂತು. "ನಿಂಬೆಅಣ್ಣಿಂದ ಓಡುದ್ವು ಅಂತ ದಿಟನಾರು ಬರೀಬಾರ್ದಾಗಿತ್ತಾ?"

"ಅದೂ ನಂಗೆ ಗೊತ್ತಿಲ್ವಲ್ಲವ್ವ" ಎಂದೆ.

ಮ್ಯಾನೇಜರ್ ಕೇಳಲಿ, ಅವ್ವ ಕೇಳಲಿ, ಇವತ್ತಿಗೂ ನನ್ನ ಉತ್ತರ ಅದೇ.